ಎರಡೇ ದಿನದ ನೆಂಟಸ್ತನ

ಜರ್ಮನಿಯ ಆಖೆನ್ ನಗರದಲ್ಲಿ ಎಂಜಿನಿಯರಿಂಗ್ ಓದುವ ವಿದ್ಯಾರ್ಥಿನಿ ಶನಿವಾರ ಬೆಳಿಗ್ಗೆ 350ನೇ ನಂಬರಿನ ಬಸ್ಸು ಹತ್ತಿದರೆ, ಊರು ದಾಟುತ್ತಿದ್ದಂತೆ ವಾಲ್ಸ್ ಎಂಬಲ್ಲಿ ದೇಶವೇ ಬದಲಾಗುತ್ತದೆ. ಸುಮಾರು ಒಂದು ಗಂಟೆಯಲ್ಲಿ ಅವಳು ನೆದರ್‌ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ಇಳಿಯುತ್ತಾಳೆ. "ವೀಕೆಂಡಿಗೆ ಬೇರೆ ದೇಶಕ್ಕೆ ಹೋಗಿದ್ದೆ" ಎಂದು ಫೋನಿನಲ್ಲಿ ಹೇಳಿದರೆ ಊರಿನಲ್ಲಿರುವ ಅಪ್ಪ ಅಮ್ಮ ಗಾಬರಿಯಾಗುತ್ತಾರೆ. ಆದರೆ ಅವಳು ಕ್ರಮಿಸಿದ ದೂರ ಬೆಂಗಳೂರಿನಿಂದ ರಾಮನಗರಕ್ಕೆ ಹೋಗುವಷ್ಟೂ ಇಲ್ಲ. ಇಂಥ ಪ್ರಯಾಣಗಳ ಬಗ್ಗೆ ನಮ್ಮಲ್ಲಿ ಎರಡು ಮಾತು ಕೇಳಿಬರುತ್ತವೆ. ಓದಲು ಕಳಿಸಿದರೆ ಸುತ್ತಾಡುತ್ತಿದ್ದಾರೆ ಎಂಬುದು ಒಂದು. ಎರಡು ದಿನದಲ್ಲಿ ಒಂದು ದೇಶದ ಬಗ್ಗೆ ತಿಳಿಯುವುದಾದರೂ ಏನು ಎಂಬುದು ಇನ್ನೊಂದು. ಎರಡನೆಯದು ಗಟ್ಟಿ ಪ್ರಶ್ನೆ. ಎಷ್ಟು ದಿನ ಇದ್ದಿರಿ ಎನ್ನುವುದಕ್ಕಿಂತ ಯಾರ ಮನೆಯಲ್ಲಿ ಇಳಿದಿರಿ ಎನ್ನುವುದರ ಮೇಲೆ ಅದರ ಉತ್ತರ ನಿಂತಿದೆ ಎಂಬುದು ನನ್ನ ವಾದ.

ಮೊದಲು ಈ ಪ್ರಯಾಣ ಇಷ್ಟು ಸಲೀಸಾದದ್ದು ಹೇಗೆಂದು ನೋಡಬೇಕು. 1985ರಲ್ಲಿ ಐದು ದೇಶಗಳ ಪ್ರತಿನಿಧಿಗಳು ಲಕ್ಸೆಂಬರ್ಗ್‌ನ ಶೆಂಗೆನ್ ಎಂಬ ಹಳ್ಳಿಯ ಬಳಿ, ಮೊಸೆಲ್ ನದಿಯಲ್ಲಿ ನಿಂತಿದ್ದ ಹಡಗಿನೊಳಗೆ ಕೂತು ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಹತ್ತು ವರ್ಷದ ನಂತರ ಅದು ಜಾರಿಗೆ ಬಂದು ಗಡಿಯ ತಪಾಸಣೆಗಳು ಎದ್ದುಹೋದವು. ಈ ನಡುವೆ 1987ರಲ್ಲಿ ಇರಾಸ್ಮಸ್ ಯೋಜನೆ ಶುರುವಾಯಿತು. ಮೊದಲ ವರ್ಷ ಹನ್ನೊಂದು ದೇಶಗಳ 3,244 ವಿದ್ಯಾರ್ಥಿಗಳು ಬೇರೆ ದೇಶದ ವಿಶ್ವವಿದ್ಯಾಲಯಗಳಿಗೆ ಹೋದರು. ಯುರೋಪಿಯನ್ ಒಕ್ಕೂಟಕ್ಕೆ ಅಡಿಪಾಯ ಹಾಕಿದ, ಯೂರೋ ನಾಣ್ಯಕ್ಕೆ ದಾರಿ ಮಾಡಿದ 1992ರ ಒಪ್ಪಂದಕ್ಕೆ ಸಹಿ ಬಿದ್ದದ್ದು ಇದೇ ಮಾಸ್ಟ್ರಿಕ್ಟ್‌ನಲ್ಲಿ. ಅಂದರೆ ಬೇರೆ ದೇಶದವರ ಜೊತೆ ಗೆಳೆತನ ಬೆಳೆಯುವುದು, ಅದನ್ನು ಉಳಿಸಿಕೊಳ್ಳಲು ಆಗಾಗ ಹೋಗಿಬರುವುದು, ಇವೆರಡಕ್ಕೂ ಸರ್ಕಾರಗಳೇ ದುಡ್ಡು ಖರ್ಚು ಮಾಡಿ ದಾರಿ ಮಾಡಿಕೊಟ್ಟಿವೆ. ಸುತ್ತಾಟವನ್ನು ಓದಿಗೆ ಎದುರಾಗಿ ನಿಲ್ಲಿಸುವವರು ಇದನ್ನು ಮರೆಯುತ್ತಾರೆ.

ಇನ್ನು ಆ ಗಟ್ಟಿ ಪ್ರಶ್ನೆ. ಪ್ರವಾಸಿಯಾಗಿ ಹೋದವರಿಗೆ ಮಾಸ್ಟ್ರಿಕ್ಟ್‌ನಲ್ಲಿ ನೋಡಲು ಬೇಕಾದಷ್ಟಿದೆ: ಫ್ರೈಟ್‌ಹಾಫ್ ಚೌಕ, ಹದಿಮೂರನೇ ಶತಮಾನದ ಚರ್ಚಿನೊಳಗೆ ಜೋಡಿಸಿರುವ ಪುಸ್ತಕದಂಗಡಿ, ಮಾಸ್ ನದಿಯ ಹಳೆಯ ಕಲ್ಲುಸೇತುವೆ. ಅರ್ಧ ದಿನ ಸಾಕು, ಫೋಟೋಗಳೂ ಚೆನ್ನಾಗಿ ಬರುತ್ತವೆ. ಆದರೆ ಸಹಪಾಠಿಯ ಮನೆಗೆ, ಅದೂ ಮನೆಯಲ್ಲಿ ಯಾರದಾದರೂ ಹುಟ್ಟುಹಬ್ಬ ಇರುವ ದಿನ ಹೋದರೆ ಕಾಣುವುದೇ ಬೇರೆ. ನಡುಮನೆಯಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿರುತ್ತಾರೆ. ಬಂದವರು ಹುಟ್ಟುಹಬ್ಬದವರಿಗೆ ಮಾತ್ರವಲ್ಲ, ಅವರ ಅಮ್ಮ, ತಮ್ಮ, ಅಜ್ಜಿ ಎಲ್ಲರಿಗೂ ಕೈಕುಲುಕಿ ಅಭಿನಂದನೆ ಹೇಳಬೇಕು. ಆಮೇಲೆ ಕಾಫಿ, ಜೊತೆಗೆ ಒಂದು ತುಂಡು ಫ್ಲಾಯ್. ತಟ್ಟೆಯಗಲದ ಬ್ರೆಡ್ಡಿನ ತಳದ ಮೇಲೆ ಚೆರ‍್ರಿ ಅಥವಾ ಏಪ್ರಿಕಾಟ್ ತುಂಬಿ ಬೇಯಿಸುವ ತಿನಿಸು ಇದು. ಅನ್ನ ಮತ್ತು ಹಾಲು ಹಾಕಿ ಮಾಡಿದ್ದಂತೂ ಗಟ್ಟಿ ಪಾಯಸವನ್ನು ಬನ್ನಿನ ಮೇಲೆ ಸುರಿದು ಬೇಯಿಸಿದ ಹಾಗಿರುತ್ತದೆ. ಯಾರ ಹುಟ್ಟುಹಬ್ಬ ಯಾವತ್ತು ಎಂದು ಬರೆದಿಟ್ಟ ಕ್ಯಾಲೆಂಡರು ಶೌಚಾಲಯದ ಗೋಡೆಯಲ್ಲಿ ನೇತಾಡುತ್ತಿರುತ್ತದೆ. ದಿನಕ್ಕೆ ಒಮ್ಮೆಯಾದರೂ ಕಣ್ಣಿಗೆ ಬೀಳಲೇಬೇಕಾದ ಜಾಗ ಅದು, ಒಪ್ಪತಕ್ಕ ತರ್ಕ. ಯಾವ ಗೈಡೂ ಕರೆದುಕೊಂಡು ಹೋಗಿ ತೋರಿಸದ ಸಂಗತಿಗಳಿವು. ಇವು ಕಾಣಬೇಕಾದರೆ ಆ ಮನೆಯವರು ನಮಗಾಗಿ ಒಂದು ಕುರ್ಚಿ ಎಳೆದು ಹಾಕಬೇಕು.

ಸರಿ, ಆದರೆ ಎರಡು ದಿನ ಕಂಡದ್ದನ್ನೇ ಇಡೀ ದೇಶಕ್ಕೆ ಅಂಟಿಸುವ ಅಪಾಯವಿಲ್ಲವೇ? ಇದೆ. ಡಚ್ಚರು ಜಿಪುಣರು ಎಂಬ ಮಾತನ್ನೇ ನೋಡಿ. ಒಟ್ಟಿಗೆ ಊಟ ಮಾಡಿದ ಮರುದಿನ ಗೆಳತಿಯಿಂದ ನಿನ್ನ ಪಾಲು ಇಷ್ಟು ಎಂದು ಫೋನಿಗೆ ಲೆಕ್ಕ ಬಂದರೆ ನಮ್ಮವರಿಗೆ ಮುಜುಗರವಾಗುತ್ತದೆ. ಇದಕ್ಕೆಂದೇ ಟಿಕ್ಕಿ ಎಂಬ ಆ್ಯಪು ಅಲ್ಲಿ ಮನೆಮಾತಾಗಿದೆ. ಹೊರಗಿನಿಂದ ನೋಡಿದವರು ಜಿಪುಣತನ ಎಂದು ಷರಾ ಬರೆದು ಮುಂದೆ ಹೋಗುತ್ತಾರೆ. ಗೆಳತಿಯಾದವಳು ಕೇಳಬಹುದು, ಲೆಕ್ಕ ಕಳಿಸಿದವಳಿಂದ ಉತ್ತರವೂ ಸಿಗುತ್ತದೆ: ಲೆಕ್ಕ ಅಲ್ಲಲ್ಲಿಗೆ ಚುಕ್ತವಾದರೆ ಯಾರೂ ಯಾರ ಹಂಗಿನಲ್ಲೂ ಇರಬೇಕಿಲ್ಲ. ಒಪ್ಪುವುದು ಬಿಡುವುದು ಬೇರೆ ಮಾತು. ಅಷ್ಟಕ್ಕೇ ಮುಗಿಯುವುದಿಲ್ಲ. ಮಾಸ್ಟ್ರಿಕ್ಟ್ ಇರುವ ಲಿಂಬರ್ಗ್ ಪ್ರಾಂತ್ಯದವರು ಉತ್ತರದ ಡಚ್ಚರಂತೆ ತಾವಲ್ಲ ಎಂದು ಒತ್ತಿ ಹೇಳುವ ಜನ. ಅವರದು ಕ್ಯಾಥೊಲಿಕ್ ಹಿನ್ನೆಲೆ, ಬೀದಿ ತುಂಬುವ ಕಾರ್ನಿವಲ್, ಮನೆಯಲ್ಲಿ ಆಡಲು ಬೇರೆಯದೇ ಲಿಂಬರ್ಗಿಷ್. ಅದನ್ನು ಪ್ರಾದೇಶಿಕ ಭಾಷೆ ಎಂದು ಸರ್ಕಾರ ಒಪ್ಪಿಕೊಂಡದ್ದು 1997ರಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡಿ ಬೆಳೆದ ಮಂಗಳೂರಿನ ಹುಡುಗಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. 'ಡಚ್ಚರು ಹೀಗೆ' ಎಂಬ ಮಾತನ್ನು ಆ ಊಟದ ಮೇಜಿನಲ್ಲಿ ಆಡಿದರೆ ತಿದ್ದಲು ನಾಲ್ಕು ಜನ ಅಲ್ಲೇ ಕೂತಿರುತ್ತಾರೆ. ಹೋಟೆಲಿನಲ್ಲಿ ಇಳಿದವರನ್ನು ತಿದ್ದುವವರು ಯಾರು?

ನಮ್ಮ ವಿದ್ಯಾರ್ಥಿಗಳ ಮಟ್ಟಿಗೆ ಇನ್ನೊಂದು ಆಕ್ಷೇಪವಿದೆ, ಅದನ್ನು ತಳ್ಳಿಹಾಕಲಾಗದು. ಆಖೆನ್‌ನಿಂದ ಹೊರಟವರಲ್ಲಿ ಎಷ್ಟೋ ಮಂದಿ ಇಳಿಯುವುದು ಐಂಡ್‌ಹೋವನ್‌ನಲ್ಲೋ ಬ್ರಸೆಲ್ಸ್‌ನಲ್ಲೋ ಇರುವ ಕನ್ನಡದ ಗೆಳೆಯರ ರೂಮಿನಲ್ಲಿ. ಅಲ್ಲಿ ಬಿಸಿಬೇಳೆಬಾತು, ಕ್ರಿಕೆಟ್ಟು, ಊರಿನ ಸುದ್ದಿ. ಮನಸ್ಸಿಗೆ ಅದು ಬೇಕು, ತಪ್ಪೆನ್ನಲಾರೆ. ಆದರೆ ಅದನ್ನೇ ಆ ದೇಶ ನೋಡಿದ ಲೆಕ್ಕಕ್ಕೆ ಸೇರಿಸುವುದು ಸರಿಯಲ್ಲ. ಕ್ಲಾಸಿನಲ್ಲಿ ಪಕ್ಕ ಕೂತವಳನ್ನು ಮಾತಾಡಿಸುವುದು ಕಷ್ಟ, ಅವಳ ಮನೆಗೆ ಕರೆಸಿಕೊಳ್ಳುವುದು ಇನ್ನೂ ಕಷ್ಟ. ಅಲ್ಲಿಯವರ ಡೈರಿಯಲ್ಲಿ ವಾರಗಟ್ಟಲೆ ಮೊದಲೇ ದಿನ ಗೊತ್ತುಮಾಡಬೇಕು. ಆ ಕಷ್ಟ ಪಟ್ಟವರಿಗೇ ಮೇಲೆ ಹೇಳಿದ ಕುರ್ಚಿ ಸಿಗುವುದು.

ಖರ್ಚಿನ ಮಾತು ಬೇಗ ಮುಗಿಸಬಹುದು. ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಂತಿಷ್ಟೇ ತೆಗೆಯಬಹುದಾದ ಖಾತೆಯಲ್ಲಿ, ಇಡಬೇಕಾದ ಮೊತ್ತ 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೋ, ಅಂದರೆ ತಿಂಗಳಿಗೆ 992. ಬಾಡಿಗೆ, ವಿಮೆ ಕಳೆದು ಉಳಿದದ್ದರಲ್ಲಿ ವಾರವಾರ ವಿಮಾನ ಹತ್ತುವ ಮಾತೇ ಇಲ್ಲ, ಹತ್ತುವುದು ಒಳ್ಳೆಯದೂ ಅಲ್ಲ. ಗೆಳೆಯರ ಮನೆಯ ಸೋಫಾದ ಮೇಲೆ ಮಲಗುವವರಿಗೆ ಬಸ್ಸಿನ ಚಾರ್ಜು, ಕೈಯಲ್ಲೊಂದು ಚಾಕಲೇಟ್ ಡಬ್ಬ ಸಾಕು.

ಗಡಿಯ ವಿಷಯಕ್ಕೆ ಮಾತ್ರ ಎಚ್ಚರ ಬೇಕು. ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಇರುವ ಭಾರತೀಯ ವಿದ್ಯಾರ್ಥಿ ಉಳಿದ ಶೆಂಗೆನ್ ದೇಶಗಳಲ್ಲಿ 180 ದಿನಗಳ ಅವಧಿಯಲ್ಲಿ ಒಟ್ಟು 90 ದಿನ ಇರಬಹುದು. ಆದರೆ 2024ರ ಸೆಪ್ಟೆಂಬರಿನಲ್ಲಿ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರುಮಾಡಿತು. ಭಾನುವಾರ ಸಂಜೆ ವಾಪಸು ಬರುವ ಬಸ್ಸನ್ನು ಪೊಲೀಸರು ನಿಲ್ಲಿಸಿದರೆ ಡಚ್ ಗೆಳತಿ ಗುರುತಿನ ಚೀಟಿ ತೋರಿಸಿದರೆ ಮುಗಿಯಿತು. ನಮ್ಮವಳ ಬ್ಯಾಗಿನಲ್ಲಿ ಪಾಸ್‌ಪೋರ್ಟು, ಪರ್ಮಿಟ್ ಕಾರ್ಡು ಎರಡೂ ಇರಬೇಕು.