ಕೋಳಿ ತಿಂದ ರಂಜಕ ಹಿಕ್ಕೆಯಲ್ಲೇ ಹೋದ್ರೆ? ಒಂದು ಚಿಟಿಕೆ ಕಿಣ್ವದ ಕಥೆ

(ಆಡಿಯೋ ಸಂಚಿಕೆಯ ಪಠ್ಯರೂಪ)

ಇವತ್ತಿನ ಸಂಚಿಕೆ ಕೋಳಿ ಬಗ್ಗೆ, ಜೊತೆಗೆ ಸ್ವಲ್ಪ ಹಂದಿ ಬಗ್ಗೆ. ಬಿರಿಯಾನಿ, ಪಂದಿ ಕರಿ ವಿಷಯ ಅಲ್ಲ, ಇವು ಏನು ತಿಂತಾವೆ ಅನ್ನೋ ವಿಷಯ. ಇಯರ್‌ಫೋನ್ ತೆಗೀಬೇಡಿ. ನೀವು ಅಂಗಡಿಯಲ್ಲಿ ಚಿಕನ್‌ಗೆ ಕೊಡೋ ದುಡ್ಡಿನ ಹಿಂದೆ ಇರೋ ದೊಡ್ಡ ಖರ್ಚು ಫೀಡಿನದ್ದೇ. ಕೋಳಿ ಸಾಕೋ ಖರ್ಚಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಅದಕ್ಕೇ ಹೋಗುತ್ತೆ.

ಫೀಡ್‌ನಲ್ಲಿ ಮುಖ್ಯವಾಗಿ ಏನಿರುತ್ತೆ? ಮೆಕ್ಕೆಜೋಳ ಮತ್ತು ಸೋಯಾ ಹಿಂಡಿ. ದಾವಣಗೆರೆ, ಹಾವೇರಿ ಕಡೆ ಬೆಳೆಯೋ ಮೆಕ್ಕೆಜೋಳ ನಾವು ತಿನ್ನೋದಕ್ಕಿಂತ ಕೋಳಿ ತಿನ್ನೋದೇ ಜಾಸ್ತಿ. ಜೋಳದಿಂದ ಶಕ್ತಿ, ಸೋಯಾದಿಂದ ಪ್ರೋಟೀನ್. ಲೆಕ್ಕ ಸರಿಯಾಗೇ ಇದೆ. ಆದರೆ ಇದರಲ್ಲೊಂದು ತೊಡಕಿದೆ. ಅದರ ಹೆಸರು ರಂಜಕ, ಅಂದ್ರೆ ಫಾಸ್ಫರಸ್.

ಮೂಳೆ ಗಟ್ಟಿಯಾಗೋಕೆ ಕ್ಯಾಲ್ಸಿಯಂ ಒಂದೇ ಸಾಲಲ್ಲ, ರಂಜಕವೂ ಬೇಕು. ಬ್ರಾಯ್ಲರ್ ಮರಿ ಸುಮಾರು ಆರು ವಾರದಲ್ಲಿ ಎರಡು ಕಿಲೋ ದಾಟುತ್ತೆ. ಆ ತೂಕ ಹೊರೋ ಕಾಲಿಗೆ ರಂಜಕ ಸಿಗದಿದ್ರೆ ಮೂಳೆ ಮೆತ್ತಗಾಗುತ್ತೆ, ಕೋಳಿ ಕುಂಟುತ್ತೆ, ಕೂತಲ್ಲೇ ಕೂರುತ್ತೆ. ಜೋಳ, ಸೋಯಾದಲ್ಲಿ ರಂಜಕ ಇಲ್ಲ ಅಂತಲ್ಲ. ಬೇಕಾದಷ್ಟಿದೆ. ಆದ್ರೆ ಅದರಲ್ಲಿ ಸುಮಾರು ಮೂರರಲ್ಲಿ ಎರಡು ಭಾಗ ಬೀಗ ಹಾಕಿಟ್ಟ ಹಾಗೆ ಇರುತ್ತೆ. ಆ ಬೀಗದ ಹೆಸರು ಫೈಟೇಟ್. ಒಂದು ಉಂಗುರ, ಅದರ ಸುತ್ತ ರಂಜಕದ ಆರು ಗುಂಪು. ಗಿಡ ತನ್ನ ಬೀಜ ಮೊಳೆಯೋ ದಿನಕ್ಕೆ ಅಂತ ಕೂಡಿಟ್ಟ ಗಂಟು ಅದು.

ಹಸುವಿಗೆ ಈ ತಲೆನೋವಿಲ್ಲ. ಅದರ ಹೊಟ್ಟೆಯ ಸೂಕ್ಷ್ಮಜೀವಿಗಳೇ ಫೈಟೇಸ್ ಅನ್ನೋ ಕಿಣ್ವ ತಯಾರಿಸಿ ಬೀಗ ತೆಗೀತಾವೆ. ಕೋಳಿ, ಹಂದಿಗೆ ಒಂದೇ ಹೊಟ್ಟೆ, ಅಲ್ಲಿ ಈ ಕಿಣ್ವ ಸಾಲುವಷ್ಟು ಇಲ್ಲ. ಹಾಗಾಗಿ ತಿಂದ ರಂಜಕದಲ್ಲಿ ದೊಡ್ಡ ಪಾಲು ನೇರವಾಗಿ ಹಿಕ್ಕೆಗೆ.

ಹಳೆ ಕಾಲದ ಪರಿಹಾರ ಸುಲಭ: ಮೇಲಿಂದ ಇನ್ನಷ್ಟು ರಂಜಕ ಸುರಿಯೋದು. ಡಿಸಿಪಿ, ಅಂದ್ರೆ ಡೈಕ್ಯಾಲ್ಸಿಯಂ ಫಾಸ್ಫೇಟ್ ಪುಡಿ. ಇದನ್ನ ಮಾಡೋದು ಶಿಲಾ ರಂಜಕದಿಂದ, ನೆಲದಿಂದ ಅಗೆದು ತೆಗೆಯೋ ಕಲ್ಲು. ಜಗತ್ತಿನ ಗೊತ್ತಿರೋ ನಿಕ್ಷೇಪದಲ್ಲಿ ಹೆಚ್ಚಿನ ಪಾಲು ಮೊರಾಕ್ಕೊ ಮತ್ತು ಪಶ್ಚಿಮ ಸಹಾರಾದಲ್ಲಿದೆ. ಭಾರತ ತನಗೆ ಬೇಕಾದ್ದರಲ್ಲಿ ಬಹುಪಾಲನ್ನ ಹೊರಗಿಂದ ತರಿಸುತ್ತೆ. ಈಗ ನೋಡಿ ವಿಚಿತ್ರ. ಹಡಗಲ್ಲಿ ದುಬಾರಿ ರಂಜಕ ತರಿಸ್ತೀವಿ, ಜೋಳದೊಳಗೇ ಇರೋ ರಂಜಕವನ್ನ ಕೋಳಿಯ ಮೂಲಕ ನೆಲಕ್ಕೆ ಚೆಲ್ತೀವಿ.

ನೆಲಕ್ಕೆ ಚೆಲ್ಲಿದ್ರೆ ಒಳ್ಳೇದೇ ಅಲ್ವಾ, ಕೋಳಿ ಗೊಬ್ಬರ ಅಂದ್ರೆ ರೈತರು ಮುಗಿಬೀಳ್ತಾರೆ ಅಂತ ನೀವು ಕೇಳಬಹುದು. ಹದವಾಗಿದ್ರೆ ಒಳ್ಳೇದೇ. ಒಂದೇ ಜಾಗದಲ್ಲಿ ಸಾವಿರಾರು ಫಾರಂ ಸೇರಿದಾಗ ಕಥೆ ಬೇರೆ. ಬೆಳೆ ಹೀರಿ ಮಿಕ್ಕ ರಂಜಕ ಮಳೆ ನೀರಲ್ಲಿ ಹೊಳೆ, ಕೆರೆ ಸೇರುತ್ತೆ. ಪಾಚಿಗೆ ಅದು ಹಬ್ಬದೂಟ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿಯಾಗಿ ಮೀನು ಸಾಯ್ತಾವೆ.

ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 1997ರ ಬೇಸಿಗೆಯಲ್ಲಿ ಪೊಕೊಮೋಕ್ ನದಿಯಲ್ಲಿ ಮೀನುಗಳು ರಾಶಿ ರಾಶಿ ಸತ್ತವು. ಮೈಮೇಲೆ ಹುಣ್ಣು. ಫಿಸ್ಟೀರಿಯಾ ಅನ್ನೋ ಸೂಕ್ಷ್ಮಜೀವಿ ಮೇಲೆ ಅನುಮಾನ ಬಂತು, ಅದಕ್ಕೆ ಪೋಷಣೆ ಸಿಕ್ಕಿದ್ದು ಕೋಳಿ ಗೊಬ್ಬರದಿಂದ ಅನ್ನೋ ಮಾತೂ ಬಂತು. ಮೀನು ಸತ್ತಿದ್ದಕ್ಕೆ ಫಿಸ್ಟೀರಿಯಾವೇ ಕಾರಣವೋ ಅಂತ ವಿಜ್ಞಾನಿಗಳು ಆಮೇಲೂ ಜಗಳ ಆಡಿದ್ದುಂಟು. ಸರ್ಕಾರ ಮಾತ್ರ ಕಾಯಲಿಲ್ಲ. 1998ರಲ್ಲಿ ನೀರಿನ ಗುಣಮಟ್ಟದ ಕಾನೂನು ತಂದು, ಹಿಕ್ಕೆಯಲ್ಲಿ ರಂಜಕ ಕಡಿಮೆ ಆಗೋ ಹಾಗೆ ಕೋಳಿ ಫೀಡಿಗೆ ಫೈಟೇಸ್‌ನಂಥ ಕಿಣ್ವ ಸೇರಿಸಬೇಕು ಅಂತ ಮಾಡ್ತು. ಕೋಳಿ ಏನು ತಿನ್ನಬೇಕು ಅಂತ ಹೊಳೆಯ ಸಲುವಾಗಿ ಕಾನೂನು!

ಈ ಕಿಣ್ವ ಆಗಷ್ಟೇ ಹುಟ್ಟಿದ್ದೇನಲ್ಲ. ಅಕ್ಕಿ ತೌಡಿನಲ್ಲಿ ಇಂಥದ್ದೊಂದು ಕಿಣ್ವ ಇದೆ ಅಂತ ಜಪಾನಿನ ಸುಜುಕಿ ಮತ್ತವರ ಸಂಗಡಿಗರು 1907ರಲ್ಲೇ ತೋರಿಸಿದ್ರು. ಬೂಷ್ಟಿನಿಂದ ತೆಗೆದ ಫೈಟೇಸ್ ಫೀಡಿಗೆ ಹಾಕಿದ್ರೆ ಕೋಳಿಮರಿಗೆ ರಂಜಕ ಸಿಗುತ್ತೆ ಅಂತ 1971ರಲ್ಲಿ ಅಮೆರಿಕದ ನೆಲ್ಸನ್ ತಂಡ ಪ್ರಕಟಿಸಿತು. ಆದ್ರೂ ಇಪ್ಪತ್ತು ವರ್ಷ ಯಾರೂ ಕೊಳ್ಳಲಿಲ್ಲ. ಯಾಕಂದ್ರೆ ಕಿಣ್ವ ದುಬಾರಿ, ಡಿಸಿಪಿ ಅಗ್ಗ. ನೆದರ್‌ಲ್ಯಾಂಡ್ಸ್‌ನಲ್ಲಿ ಹಂದಿ ಗೊಬ್ಬರ ಹಾಕೋದಕ್ಕೆ ಮಿತಿ ಬಂದ ಮೇಲೆ, 1991ರಲ್ಲಿ ನ್ಯಾಟುಫಾಸ್ ಅನ್ನೋ ಹೆಸರಲ್ಲಿ ಇದು ಮಾರುಕಟ್ಟೆಗೆ ಬಂತು. ನನಗನ್ನಿಸೋದು, ಲ್ಯಾಬ್‌ನಲ್ಲಿ ವಿಜ್ಞಾನ ಮೊದಲೇ ಸಿದ್ಧವಾಗಿತ್ತು, ಅದನ್ನ ಫಾರಂಗೆ ತಂದಿದ್ದು ಗೊಬ್ಬರದ ಕಾನೂನು.

ಕೆಲಸ ಮಾಡುತ್ತೋ ಇಲ್ವೋ ಅಂತ ಅಳೆಯೋದು ಹೇಗೆ? ಇದು ನನಗೆ ಬಹಳ ಇಷ್ಟವಾದ ಭಾಗ. ಒಂದೇ ವಯಸ್ಸಿನ ಮರಿಗಳನ್ನ ಗುಂಪು ಮಾಡ್ತಾರೆ. ಒಂದು ಗುಂಪಿಗೆ ರಂಜಕ ಸರಿಯಾಗಿರೋ ಫೀಡ್, ಇನ್ನೊಂದಕ್ಕೆ ಬೇಕಂತಲೇ ಕಡಿಮೆ ಮಾಡಿದ್ದು, ಮೂರನೇದಕ್ಕೆ ಅದೇ ಕಡಿಮೆ ಫೀಡ್ ಜೊತೆ ಫೈಟೇಸ್. ಮೂರು ವಾರ ಆದ ಮೇಲೆ ಕಾಲಿನ ಮೂಳೆ ತೆಗೆದು, ಕೊಬ್ಬು ಬಿಡಿಸಿ, ಕುಲುಮೆಯಲ್ಲಿ ಸುಟ್ಟು ಬೂದಿ ತೂಗ್ತಾರೆ. ಬೂದಿ ಅಂದ್ರೆ ಉಳಿದ ಖನಿಜ. ಮೂರನೇ ಗುಂಪಿನ ಬೂದಿ ಮೊದಲನೇ ಗುಂಪಿನ ಹತ್ತಿರ ಬಂದ್ರೆ ಕಿಣ್ವ ಬೀಗ ತೆಗೆದಿದೆ ಅಂತ ಅರ್ಥ. ಹಂದಿ, ಕೋಳಿಯ ಸಣ್ಣ ಕರುಳಿನ ಕೊನೆಯಲ್ಲಿ ಜೀರ್ಣವಾಗದೆ ಎಷ್ಟು ಉಳೀತು ಅಂತ ಲೆಕ್ಕ ಹಾಕೋ ವಿಧಾನವೂ ಇದೆ. ಅದಕ್ಕೆ ಫೀಡಲ್ಲಿ ಒಂಚೂರು ಟೈಟಾನಿಯಂ ಡೈಆಕ್ಸೈಡ್ ಬೆರೆಸ್ತಾರೆ, ಅದು ಜೀರ್ಣವಾಗದೆ ಗುರುತಿನ ಹಾಗೆ ಹೊರಗೆ ಬರುತ್ತೆ.

ಪ್ರಮಾಣ ಕೇಳಿದ್ರೆ ನಂಬೋಕಾಗಲ್ಲ. ಒಂದು ಟನ್ ಫೀಡಿಗೆ ನೂರು ಗ್ರಾಂ ಆಸುಪಾಸು ಪುಡಿ, ಅದರ ಶಕ್ತಿ ಮೇಲೆ ಹೆಚ್ಚುಕಮ್ಮಿ. ಅಷ್ಟಕ್ಕೇ ಐದಾರು ಕಿಲೋ ಡಿಸಿಪಿ ಉಳಿಯುತ್ತೆ. ಹಾಗಂತ ಎರಚಿದ ತಕ್ಷಣ ಆಗೋ ಜಾದೂ ಅಲ್ಲ. ಫೀಡನ್ನ ಗುಳಿಗೆ ಮಾಡುವಾಗ ಹಬೆ ಎಂಬತ್ತು ಡಿಗ್ರಿ ಮುಟ್ಟುತ್ತೆ, ಕಿಣ್ವ ಅಂದ್ರೆ ಪ್ರೋಟೀನ್, ಬೆಂದುಹೋಗುತ್ತೆ. ಅದಕ್ಕೆ ಲೇಪನ ಕೊಟ್ಟ ಕಿಣ್ವ ಬಂತು, ಗುಳಿಗೆ ಆದ ಮೇಲೆ ಸಿಂಪಡಿಸೋದೂ ಬಂತು. ಸುಣ್ಣದಕಲ್ಲಿನ ಪುಡಿ ಜಾಸ್ತಿಯಾದ್ರೂ ಕಷ್ಟ. ಫೈಟೇಟ್ ಕ್ಯಾಲ್ಸಿಯಂ ಜೊತೆ ಅಂಟಿಕೊಂಡು ಕಿಣ್ವದ ಕೈಗೆ ಸಿಗಲ್ಲ.

ನಮ್ಮಲ್ಲಿ ಕಂಪನಿ ಕೋಳಿ ಸಾಕೋರಿಗೆ ಇದು ಬರೀ ವಿಜ್ಞಾನ ಅಲ್ಲ. ಮರಿ, ಫೀಡ್ ಕಂಪನಿಯದ್ದು, ಶೆಡ್ಡು ಮತ್ತು ದುಡಿಮೆ ರೈತರದ್ದು. ಎಷ್ಟು ಫೀಡಿಗೆ ಎಷ್ಟು ತೂಕ ಬಂತು ಅನ್ನೋ ಲೆಕ್ಕದ ಮೇಲೆ ಕೂಲಿ ನಿಲ್ಲುತ್ತೆ. ಫೀಡ್ ಕೆಟ್ಟದಾಗಿ ಕೋಳಿ ಕುಂಟಿದ್ರೆ ಮೊದಲು ಕಡಿಮೆಯಾಗೋದು ಸಾಕಿದವರ ದುಡ್ಡು, ಫೀಡ್ ಬೆರೆಸಿದವರದ್ದಲ್ಲ. ಪ್ರಾಣಿಗಳ ಪೋಷಣೆ ಮೇಲೆ ಕೆಲಸ ಮಾಡೋ ರಾಷ್ಟ್ರೀಯ ಸಂಸ್ಥೆಯೊಂದು ಬೆಂಗಳೂರಿನ ಆಡುಗೋಡಿಯಲ್ಲೇ ಇದೆ ಅನ್ನೋದು ಪಕ್ಕದ ಕೋರಮಂಗಲದಲ್ಲಿ ಚಿಕನ್ ರೋಲ್ ತಿನ್ನೋ ಎಷ್ಟು ಜನಕ್ಕೆ ಗೊತ್ತು!

ಈಗ ಹಂದಿ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು, ಕಿಣ್ವ ಪುಡಿ ಯಾಕೆ ಹಾಕಬೇಕು, ಹಂದಿಯೇ ತಯಾರಿಸಲಿ ಅಂದ್ರು. ಇ. ಕೋಲಿ ಬ್ಯಾಕ್ಟೀರಿಯಾದ ಫೈಟೇಸ್ ಜೀನ್ ಸೇರಿಸಿ, ಜೊಲ್ಲಿನಲ್ಲೇ ಕಿಣ್ವ ಬರೋ ಹಂದಿ ಮಾಡಿದ್ರು. ಮೊದಲನೆಯದು ಹುಟ್ಟಿದ್ದು 1999ರಲ್ಲಿ. ತಳಿಯ ಹೆಸರು ಎನ್ವಿರೋಪಿಗ್. 2001ರ ವರದಿ ಪ್ರಕಾರ ಸಗಣಿಯ ರಂಜಕ ಶೇ. 75ರವರೆಗೂ ಇಳೀತು. ತಾಂತ್ರಿಕವಾಗಿ ಪಾಸು. ಆದ್ರೆ ಕುಲಾಂತರಿ ಹಂದಿ ಮಾಂಸ ತಿನ್ನೋಕೆ ಅನುಮತಿ ಸಿಗಲೇ ಇಲ್ಲ, ಅಷ್ಟರಲ್ಲಿ ಫೈಟೇಸ್ ಪುಡಿಯೂ ಅಗ್ಗವಾಗಿತ್ತು. ಹಣ ಕೊಡ್ತಿದ್ದ ಒಂಟಾರಿಯೊ ಹಂದಿ ಸಾಕಣೆದಾರರ ಮಂಡಳಿ 2012ರಲ್ಲಿ ಕೈ ಬಿಟ್ಟಿತು. ಸಾಕುತ್ತೇವೆ ಅಂತ ಕೆಲವರು ಕೇಳಿದ್ರೂ ಹಂದಿಗಳನ್ನ ಕೊಟ್ಟಿಲ್ಲ. ವೀರ್ಯ ಹೆಪ್ಪುಗಟ್ಟಿಸಿಟ್ಟು, ಉಳಿದಿದ್ದ ಹಂದಿಗಳನ್ನ ದಯಾಮರಣಕ್ಕೆ ಒಪ್ಪಿಸಿದ್ರು.

ಇಲ್ಲಿಗೆ ಒಂದು ವಾಟ್ಸ್ಆ್ಯಪ್ ಪ್ರಶ್ನೆ ಬಂದೇ ಬರುತ್ತೆ: "ಬ್ರೋ, ಬ್ರಾಯ್ಲರ್‌ಗೆ ಹಾರ್ಮೋನ್ ಇಂಜೆಕ್ಷನ್ ಹಾಕ್ತಾರಂತೆ?" ಸಾವಿರಾರು ಕೋಳಿಗೆ ದಿನಾ ಸೂಜಿ ಚುಚ್ಚೋ ಕೂಲಿಯೇ ಕೋಳಿಯ ಬೆಲೆ ಮೀರುತ್ತೆ. ಆರು ವಾರದ ಬೆಳವಣಿಗೆ ಬಂದಿರೋದು ದಶಕಗಳ ತಳಿ ಆಯ್ಕೆ ಮತ್ತು ಈ ಥರ ಅಳೆದು ಸುರಿದ ಫೀಡಿನಿಂದ. ಫೈಟೇಸ್ ಕೂಡ ಕರುಳಲ್ಲಿ ಕೆಲಸ ಮುಗಿಸಿ ಬೇರೆ ಪ್ರೋಟೀನಿನ ಹಾಗೇ ಜೀರ್ಣವಾಗುತ್ತೆ. ಚಿಂತೆ ಮಾಡೋದಿದ್ರೆ ಆ್ಯಂಟಿಬಯೋಟಿಕ್ ಬಗ್ಗೆ ಮಾಡಿ. ಮನುಷ್ಯರಿಗೆ ಕೊನೆಯ ಅಸ್ತ್ರದಂತಿರೋ ಕೊಲಿಸ್ಟಿನ್ ಔಷಧವನ್ನ ಆಹಾರಕ್ಕಾಗಿ ಸಾಕೋ ಪ್ರಾಣಿಗಳಿಗೆ ಕೊಡಬಾರದು ಅಂತ ಭಾರತ ನಿಷೇಧಿಸಿದ್ದು 2019ರಲ್ಲಿ.

ಇನ್ನೊಂದು ಪ್ರಶ್ನೆ, ನಮ್ಮ ಹೊಟ್ಟೆಯಲ್ಲಿ ಫೈಟೇಸ್ ಇದೆಯಾ? ನಾವೂ ಈ ವಿಷಯದಲ್ಲಿ ಕೋಳಿ, ಹಂದಿ ಜೊತೆಗೇ. ರಾಗಿ, ಬೇಳೆಯಲ್ಲಿರೋ ಫೈಟೇಟ್ ಕಬ್ಬಿಣ, ಸತುವನ್ನೂ ಹಿಡ್ಕೊಳ್ಳುತ್ತೆ. ಮಗುವಿಗೆ ರಾಗಿ ಸರಿ ಮಾಡೋಕೆ ಅಜ್ಜಿ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸ್ತಾರಲ್ಲ, ಆಗ ಕಾಳಿನ ಒಳಗಿನ ಫೈಟೇಸ್ ಎಚ್ಚರವಾಗಿ ಬೀಗ ತೆಗೆಯೋಕೆ ಶುರುಮಾಡುತ್ತೆ.

ಮುಂದಿನ ಸಂಚಿಕೆಯಲ್ಲಿ, ಮೆಕ್ಕೆಜೋಳ ಎಥೆನಾಲ್ ಕಾರ್ಖಾನೆ ಕಡೆ ಹೊರಟ್ರೆ ಮೊಟ್ಟೆ ರೇಟಿಗೆ ಏನಾಗುತ್ತೆ ನೋಡೋಣ. ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳ್ಸಿ.