ಬೀಳ್ಕೊಡುವ ಧರ್ಮ

ಮುರಿದ ಮೂಳೆ ಕೂಡಿಕೊಂಡಿತೆಂಬುದನ್ನು ಎಕ್ಸ್‌ರೇ ಚಿತ್ರ ತೋರಿಸಿಕೊಡುತ್ತದೆ. ಜ್ವರ ಇಳಿಯಿತೆಂಬುದಕ್ಕೆ ಥರ್ಮಾಮೀಟರೇ ಸಾಕ್ಷಿ. ಮಾತಿನ ಮೂಲಕ ಮನಸ್ಸಿಗೆ ಮಾಡುವ ಚಿಕಿತ್ಸೆಗೆ ಅಂಥ ಸಾಕ್ಷಿಯಿಲ್ಲ. ಹೆತ್ತವರಲ್ಲಿಯೂ ಕೈಹಿಡಿದವರಲ್ಲಿಯೂ ಹೇಳಲಾಗದ ದುಃಖವನ್ನು ವಾರಕ್ಕೊಮ್ಮೆ ಬಂದು ಹೇಳಿಕೊಂಡವರಿಗೂ, ಸರಿತಪ್ಪುಗಳ ತೀರ್ಮಾನಕ್ಕೆ ಹೊರಡದೆ ಅದನ್ನು ಕೇಳಿಸಿಕೊಂಡವರಿಗೂ ನಡುವೆ ಬೆಳೆದುಬಂದ ವಿಶ್ವಾಸವೇ ಅಲ್ಲಿ ಔಷಧದ ಬಹುಭಾಗ. ಔಷಧವೇ ಸಂಬಂಧರೂಪವಾಗಿರುವಲ್ಲಿ, ಆ ಸಂಬಂಧವನ್ನು ಮುಗಿಸುವ ಬಗೆಯೂ ಮನಸ್ಸಿನ ಮೇಲೆ ತನ್ನ ಪರಿಣಾಮವನ್ನು ಮಾಡದೆ ಇರದು. ಆದಕಾರಣ ಸಮಾಪ್ತಿಯನ್ನು ಕಡೆಯ ದಿನದ ಉಪಚಾರದ ಮಾತೆಂದು ಎಣಿಸಲಾಗದು. ಅದು ಚಿಕಿತ್ಸೆಯದೇ ಒಂದು ಅಂಗ, ಮೊದಲನೆಯ ದಿನದಿಂದಲೇ ಸಿದ್ಧತೆಯನ್ನು ಬೇಡತಕ್ಕ ಅಂಗ.

ಮನೋವಿಶ್ಲೇಷಣೆಯ ಪ್ರವರ್ತಕನಾದ ಸಿಗ್ಮಂಡ್ ಫ್ರಾಯ್ಡನನ್ನೂ ಈ ಪ್ರಶ್ನೆ ಕಡೆಯವರೆಗೆ ಕಾಡಿತು. 1910ರಲ್ಲಿ ವಿಯೆನ್ನಾ ನಗರಕ್ಕೆ ಸೆರ್ಗೈ ಪಾಂಕೆಯೆಫ್ ಎಂಬ ಸಿರಿವಂತ ರಷ್ಯನ್ ತರುಣ ಅವನನ್ನು ಹುಡುಕಿಕೊಂಡು ಬಂದ. ಎಳವೆಯಲ್ಲಿ, ಮರದ ಮೇಲೆ ಕುಳಿತ ಬಿಳಿಯ ತೋಳಗಳನ್ನು ಕನಸಿನಲ್ಲಿ ಕಂಡು ಬೆದರಿದ್ದವನಾದುದರಿಂದ ವೈದ್ಯಸಾಹಿತ್ಯದಲ್ಲಿ ಅವನಿಗೆ ‘ತೋಳದ ಮನುಷ್ಯ’ನೆಂದೇ ಹೆಸರು. ವರ್ಷಗಟ್ಟಲೆ ಚಿಕಿತ್ಸೆ ನಡೆದರೂ ಆ ತರುಣ ವಿನಯದಿಂದ ಬಂದುಹೋಗುವುದರಲ್ಲಿಯೇ ನೆಮ್ಮದಿಯನ್ನು ಕಂಡುಕೊಂಡು ಮುಂದಕ್ಕೆ ಹೆಜ್ಜೆಯಿಡದಿರಲು, ಫ್ರಾಯ್ಡ್ ಒಂದು ದಿನವನ್ನು ಗೊತ್ತುಮಾಡಿ, ಫಲ ಏನೇ ಆಗಲಿ, ಅಂದಿಗೆ ಚಿಕಿತ್ಸೆ ನಿಲ್ಲುವುದೆಂದು ಸಾರಿಬಿಟ್ಟ. ಗಡುವು ಸಮೀಪಿಸಿದಂತೆ ಅದುವರೆಗೆ ಅಡಗಿದ್ದ ನೆನಪುಗಳು ಹೊರಬಂದವು. 1914ರ ಬೇಸಗೆಯಲ್ಲಿ, ಮಹಾಯುದ್ಧ ಸಿಡಿಯುವುದಕ್ಕೆ ಸ್ವಲ್ಪವೇ ಮುಂಚೆ, ಚಿಕಿತ್ಸೆ ಮುಗಿಯಿತು. ಆದರೆ ರಷ್ಯದ ಕ್ರಾಂತಿಯಲ್ಲಿ ಆಸ್ತಿಯನ್ನೆಲ್ಲ ಕಳೆದುಕೊಂಡ ಆತ 1919ರಲ್ಲಿ ಮತ್ತೆ ಫ್ರಾಯ್ಡನ ಬಾಗಿಲಿಗೆ ಬರಬೇಕಾಯಿತು. 1926ರಲ್ಲಿ ಕಾಯಿಲೆ ಇನ್ನೊಂದು ರೂಪದಲ್ಲಿ ತಲೆಯೆತ್ತಿದಾಗ ಫ್ರಾಯ್ಡನ ಶಿಷ್ಯೆ ರೂತ್ ಮ್ಯಾಕ್ ಬ್ರನ್ಸ್‌ವಿಕ್ ಚಿಕಿತ್ಸೆಯ ಹೊಣೆ ಹೊತ್ತಳು. 1937ರಲ್ಲಿ, ವಿಶ್ಲೇಷಣೆಗೆ ಕೊನೆಯುಂಟೇ ಎಂಬುದನ್ನೇ ವಿಷಯವಾಗಿಟ್ಟುಕೊಂಡು ಬರೆದ ಪ್ರಬಂಧದಲ್ಲಿ ಇಳಿವಯಸ್ಸಿನ ಫ್ರಾಯ್ಡ್ ಈ ಪ್ರಸಂಗವನ್ನು ಪುನಃ ಎತ್ತಿಕೊಂಡು, ಗಡುವು ಹಾಕುವುದು ಬಲವಂತದ ಉಪಾಯವೆಂದೂ, ಅದರಿಂದ ಒಂದಷ್ಟು ಹೊರಬಂದರೂ ಉಳಿದುದು ಒಳಗೇ ಹೂತುಹೋಗಬಹುದೆಂದೂ ಒಪ್ಪಿಕೊಂಡ. ಚಿಕಿತ್ಸಕನೊಬ್ಬನೇ ಗೊತ್ತುಮಾಡಿದ ದಿನಕ್ಕೂ, ಇಬ್ಬರೂ ಕುಳಿತು ಮಾತಾಡಿ ಒಪ್ಪಿದ ದಿನಕ್ಕೂ ಇರುವ ಅಂತರವನ್ನು ಈ ಪ್ರಸಂಗ ನಮಗೆ ಚೆನ್ನಾಗಿ ಮನಗಾಣಿಸುತ್ತದೆ.

ಹಾಗಾದರೆ ಚಿಕಿತ್ಸೆಯನ್ನು ಯಾವಾಗ ನಿಲ್ಲಿಸಬೇಕು? ಅಮೆರಿಕದ ಮನೋವಿಜ್ಞಾನಿಗಳ ಸಂಘ 2002ರಲ್ಲಿ ಅಂಗೀಕರಿಸಿದ ನೀತಿಸಂಹಿತೆ ಇದಕ್ಕೆ ಮೂರು ಸಂದರ್ಭಗಳನ್ನು ಹೇಳುತ್ತದೆ: ಬಂದವರಿಗೆ ಚಿಕಿತ್ಸೆಯ ಅಗತ್ಯ ಇನ್ನು ಉಳಿದಿಲ್ಲವೆಂದು ಸ್ಪಷ್ಟವಾದಾಗ, ಮುಂದುವರಿಸಿದರೂ ಪ್ರಯೋಜನವಾಗುವ ಸಂಭವ ಕಾಣದಿದ್ದಾಗ, ಮುಂದುವರಿಸುವುದರಿಂದಲೇ ಕೇಡಾಗುತ್ತಿರುವಾಗ. ಇವಲ್ಲದೆ ಚಿಕಿತ್ಸಕನಿಗೆ ಬೆದರಿಕೆಯೊಡ್ಡಿದ ಪಕ್ಷದಲ್ಲಿಯೂ ಆತ ಹಿಂದೆಗೆಯಬಹುದು. ಮೂರರಲ್ಲಿ ಮೊದಲನೆಯದು ಸಂತೋಷದ ಸಮಾಪ್ತಿ. ಉಳಿದೆರಡನ್ನು ಒಪ್ಪಿಕೊಳ್ಳುವುದು ಚಿಕಿತ್ಸಕನ ಅಭಿಮಾನಕ್ಕೆ ಬಲು ಕಷ್ಟ. ತನ್ನಿಂದಾಗದ ಕಾರ್ಯವನ್ನು ತನ್ನಿಂದಾಗದೆಂದು ಹೇಳಿ, ಅದನ್ನು ಬಲ್ಲ ಇನ್ನೊಬ್ಬರ ಹೆಸರು ವಿಳಾಸಗಳನ್ನು ಕೊಟ್ಟು, ಅನುಮತಿ ಪಡೆದು ಅಲ್ಲಿಗೆ ಪತ್ರವನ್ನೂ ಬರೆದುಕೊಡುವವನು ಸೋತವನಲ್ಲ. ಶುಲ್ಕದ ಆಸೆಗೋ, ಒಂಟಿತನಕ್ಕೋ, ತಾನಿಲ್ಲದೆ ಇವರು ಬದುಕಲಾರರೆಂಬ ಹೆಮ್ಮೆಗೋ ಕಟ್ಟುಬಿದ್ದು ವರ್ಷಾನುಗಟ್ಟಲೆ ಬರಿಸಿಕೊಳ್ಳುವವನೇ ವೃತ್ತಿಧರ್ಮಕ್ಕೆ ಎರವಾದವನು.

ಒಳ್ಳೆಯ ಸಮಾಪ್ತಿ ನಡೆಯುವ ರೀತಿಯನ್ನು ತಿಳಿಯಲು ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಬಸ್ಸಿನಲ್ಲಿ ಒಬ್ಬರೇ ಕುಳಿತರೆ ಎದೆ ಹಾರಿ, ಉಸಿರು ಕಟ್ಟಿ, ಪ್ರಾಣವೇ ಹೋಯಿತೆನ್ನುವಷ್ಟು ಗಾಬರಿಗೊಳ್ಳುತ್ತಿದ್ದ ಶಾಲಾ ಶಿಕ್ಷಕಿಯೊಬ್ಬರು, ಕೆಲವು ತಿಂಗಳ ಆಪ್ತಸಮಾಲೋಚನೆಯ ತರುವಾಯ, ಈಗ ಹಾಸನದಿಂದ ಮೈಸೂರಿಗೆ ತಾವೇ ಹೋಗಿಬರುತ್ತಿದ್ದಾರೆ. “ಇನ್ನು ನಾಲ್ಕು ಸಲ ಕೂತು ಮಾತಾಡಿ ಆಮೇಲೆ ನಿಲ್ಲಿಸಬಹುದು ಅಂತ ನನಗೆ ಅನ್ನಿಸುತ್ತೆ. ನೀವೇನು ಹೇಳ್ತೀರಿ?” ಎಂದು ಚಿಕಿತ್ಸಕಿ ಕೇಳಿದೊಡನೆ ಶಿಕ್ಷಕಿಯ ಮುಖ ಬಾಡುತ್ತದೆ. “ಅಂದರೆ ನಾನಿನ್ನು ಬರಬಾರದೇ ಮೇಡಂ?” ಮರುವಾರ ಆಕೆ ಬರುವುದು, ಬಸ್ಸಿನಲ್ಲಿ ಪುನಃ ಎದೆ ಹಾರಿತೆಂಬ ದೂರನ್ನು ಹೊತ್ತುಕೊಂಡೇ. ಅಗಲಿಕೆಯ ಸೂಚನೆ ದೊರೆತೊಡನೆ ಹಳೆಯ ಲಕ್ಷಣಗಳು ಒಮ್ಮೆ ಮರಳುವುದನ್ನು ಬಲ್ಲ ಚಿಕಿತ್ಸಕಿ ಗಾಬರಿಗೊಂಡು ಅವಧಿಯನ್ನು ಬೆಳೆಸುವುದೂ ಇಲ್ಲ, ದೂರನ್ನು ತಳ್ಳಿಹಾಕುವುದೂ ಇಲ್ಲ. “ಆಗ ನೀವೇನು ಮಾಡಿದಿರಿ?” ಎಂದಷ್ಟೇ ಕೇಳುತ್ತಾರೆ. “ಇಳೀಲಿಲ್ಲ ಮೇಡಂ. ಉಸಿರು ನಿಧಾನ ಮಾಡಿಕೊಂಡು ಹಾಗೇ ಕೂತೆ. ಊರು ಬರೋ ಹೊತ್ತಿಗೆ ತಾನಾಗಿಯೇ ಕಮ್ಮಿಯಾಯ್ತು.” ಗುಣವಾಗಿರುವುದೆಂಬುದಕ್ಕೆ ಬೇಕಾದ ಪ್ರಮಾಣ ಆ ಉತ್ತರದಲ್ಲಿಯೇ ಇದೆ, ಅದನ್ನು ಆಕೆಯ ಬಾಯಿಂದಲೇ ಹೊರಡಿಸಿ, ಈ ಬಲ ಚಿಕಿತ್ಸಕಿಯದಲ್ಲ, ತನ್ನದೇ ಎಂದು ಆಕೆಗೆ ಕಾಣಿಸಿಕೊಡುವುದಕ್ಕಾಗಿಯೇ ಕಡೆಯ ಭೇಟಿಗಳು ಇರುವುದು. ತೊಂದರೆ ಮರಳುವ ಮುನ್ಸೂಚನೆಗಳೇನು, ಮರಳಿದರೆ ಮೊದಲು ಮಾಡಬೇಕಾದುದೇನು, ಯಾರಿಗೆ ಫೋನ್ ಮಾಡಬೇಕು ಎಂಬ ಮೂರು ಸಂಗತಿಗಳನ್ನು ಶಿಕ್ಷಕಿ ತಮ್ಮ ಕೈಯಿಂದಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತಾರೆ. ವಾರದ ಭೇಟಿ ಹದಿನೈದು ದಿನಕ್ಕೊಮ್ಮೆಯಾಗಿ, ಬಳಿಕ ತಿಂಗಳಿಗೊಮ್ಮೆಯಾಗಿ ವಿರಳವಾಗುತ್ತದೆ. ಬೇಕೆನಿಸಿದಾಗ ಮತ್ತೆ ಬರಲು ಸಂಕೋಚಪಡಬೇಕಾಗಿಲ್ಲವೆಂಬ ಮಾತು ಬಾಯಿಬಿಟ್ಟು ಹೇಳಲ್ಪಡುತ್ತದೆ.

ಎಲ್ಲ ಅಗಲಿಕೆಗಳೂ ಇಷ್ಟು ಸಾವಧಾನವಾಗಿ ಒದಗುವುದಿಲ್ಲ. ಚಿಕಿತ್ಸಕನಿಗೆ ವರ್ಗವಾಗಬಹುದು, ಕಾಯಿಲೆಯಾಗಬಹುದು. ತರಬೇತಿಯ ಅವಧಿ ಮುಗಿದು ವಿದ್ಯಾರ್ಥಿ ಆಸ್ಪತ್ರೆಯನ್ನು ಬಿಡಬೇಕಾಗಬಹುದು. ಬರುವವರ ಕೈಯಲ್ಲಿ ಹಣ ತೀರಬಹುದು. ಕಾರಣ ಯಾವುದೇ ಇರಲಿ, ಮುಂಚಿತವಾಗಿ ತಿಳಿಸುವುದೂ, ಮುಂದಿನ ಆಸರೆಯನ್ನು ತೋರಿಸಿಕೊಡುವುದೂ ತಪ್ಪದ ಕರ್ತವ್ಯ. ಆತ್ಮಹತ್ಯೆಯ ಯೋಚನೆಯಲ್ಲಿ ಮುಳುಗಿರುವವರನ್ನು ಬೇರೊಂದು ಕೈಗೆ ಒಪ್ಪಿಸದೆ ಬಿಟ್ಟುಬಿಡುವುದು ಸಮಾಪ್ತಿಯಲ್ಲ, ಪರಿತ್ಯಾಗ. ಇನ್ನು, ಹೇಳದೆ ಕೇಳದೆ ಬರುವುದನ್ನು ನಿಲ್ಲಿಸಿಬಿಡುವವರೂ ಬಹುಮಂದಿ. ಅವರಿಗೆ ಒಂದು ಕರೆಯನ್ನೋ ಪತ್ರವನ್ನೋ ಕಳಿಸಿ ಕ್ಷೇಮವನ್ನು ವಿಚಾರಿಸಬೇಕು. ಆದರೆ ನಿಲ್ಲಿಸುವ ಅಧಿಕಾರ ಅವರಿಗೆ ಸದಾ ಉಂಟೆಂಬುದನ್ನು ಮರೆತು ಒತ್ತಾಯಿಸುವುದು ಸಲ್ಲದು.

ನಮ್ಮ ದೇಶದ ಮಟ್ಟಿಗೆ ಇಲ್ಲಿ ಇನ್ನೊಂದು ವಿಚಾರವುಂಟು. ಭಾರತೀಯ ರೋಗಿ ತನ್ನ ಅಂತರಂಗದ ವಿಶ್ಲೇಷಣೆಗಿಂತ ಪ್ರತ್ಯಕ್ಷವಾದ ಆಸರೆಯನ್ನೂ ಮಾರ್ಗದರ್ಶನವನ್ನೂ ಹೆಚ್ಚಾಗಿ ಅಪೇಕ್ಷಿಸುತ್ತಾನೆಂದು ಮನೋವೈದ್ಯ ಎನ್.ಸಿ. ಸೂರ್ಯ ಅವರು ಎಸ್.ಎಸ್. ಜಯರಾಮ್ ಅವರೊಡನೆ 1964ರಲ್ಲಿ ಬರೆದರು. 1973ರಲ್ಲಿ ಇನ್ನೊಬ್ಬ ಮನೋವೈದ್ಯ ಜಸ್ವಂತ್ ಸಿಂಗ್ ನೇಕಿ ಅವರು ಗುರುಶಿಷ್ಯ ಸಂಬಂಧವೇ ಇಲ್ಲಿನ ಚಿಕಿತ್ಸೆಗೆ ಮಾದರಿಯಾಗಬಹುದೆಂದು ಸೂಚಿಸಿದರು. ಇಂಥ ಭಾವನೆಯಿಂದ ಬಂದವರಿಗೆ ಥಟ್ಟನೆ ಕಡಿದುಹೋಗುವ ಸಂಬಂಧ ತಿರಸ್ಕಾರದಂತೆ ತೋರುವುದು ಸಹಜ. ಕಡೆಯ ದಿನ ಒಂದು ಡಜನ್ ಬಾಳೆಹಣ್ಣನ್ನೋ ಮನೆಯಲ್ಲಿ ಮಾಡಿದ ಕೋಡುಬಳೆಯನ್ನೋ ತಂದರೆ ಅದನ್ನು ಕೃತಜ್ಞತೆಯಿಂದ ಸ್ವೀಕರಿಸುವುದರಲ್ಲಿ ದೋಷವಿಲ್ಲ. ಬೆಲೆಬಾಳುವ ಉಡುಗೊರೆಯನ್ನು ಮಾತ್ರ ಮನಸ್ಸು ನೋಯದಂತೆ ಹಿಂದಿರುಗಿಸಬೇಕು. ಚಿಕಿತ್ಸೆ ಮುಗಿಯಿತೆಂದು ಗೌಪ್ಯದ ಕಟ್ಟು ಕಳಚದು. ಕೇಳಿದ ಗುಟ್ಟುಗಳ ಬಲದಿಂದ ಮುಂದೆ ವ್ಯವಹಾರವನ್ನಾಗಲಿ ಪ್ರಣಯವನ್ನಾಗಲಿ ಬೆಳೆಸುವುದು ವಿಶ್ವಾಸಘಾತವೇ ಸರಿ.

ಆಸ್ಪತ್ರೆಯಲ್ಲಿದ್ದು ಚಿಕಿತ್ಸೆ ಪಡೆದವರ ವಿಷಯದಲ್ಲಿ, ಮುಂದಿನ ಆಸರೆಯನ್ನು ತೋರಿಸಿಕೊಡುವ ಧರ್ಮವನ್ನು ಶಾಸನವೇ ವಿಧಿಸಿದೆ. 2018ರ ಮೇ 29ರಂದು ಜಾರಿಗೆ ಬಂದ, 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದ 98ನೆಯ ಪ್ರಕರಣದಂತೆ, ಬಿಡುಗಡೆಯಾಗಿ ಹೋಗುವವರ ಮುಂದಿನ ಚಿಕಿತ್ಸೆ ಹೇಗೆ ನಡೆಯಬೇಕೆಂಬುದನ್ನು ಅವರೊಡನೆಯೂ ಅವರ ಕಡೆಯವರೊಡನೆಯೂ ಸಮಾಲೋಚಿಸಿ ಯೋಜಿಸುವುದು ಮನೋವೈದ್ಯರ ಹೊಣೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಎಂಬ ಸಂಖ್ಯೆಯನ್ನು ಬೀಳ್ಕೊಡುವಾಗ ಬರೆದುಕೊಡುವುದು ಸುಲಭವಾದ, ಆದರೆ ಉಪಯುಕ್ತವಾದ ಅಭ್ಯಾಸ.

ಈ ಎಲ್ಲ ವಿಚಾರವೂ ಚಿಕಿತ್ಸಕರಿಗೆ ಮಾತ್ರ ಸಂಬಂಧಿಸಿದುದೆಂದು ಓದುಗರು ಭಾವಿಸಬೇಕಾಗಿಲ್ಲ. ಚಿಕಿತ್ಸೆಗೆ ಹೋಗುವವರು ಮೊದಲನೆಯ ಭೇಟಿಯಲ್ಲಿಯೇ, ಇದು ಸುಮಾರು ಎಷ್ಟು ಕಾಲ ಹಿಡಿಯಬಹುದು, ಗುಣವಾಯಿತೆಂದು ನಾವಿಬ್ಬರೂ ಹೇಗೆ ತಿಳಿಯೋಣ, ನಡುವೆ ನಿಮಗೆ ಮುಂದುವರಿಸಲಾಗದಿದ್ದರೆ ನನ್ನ ಗತಿಯೇನು ಎಂದು ನಿಸ್ಸಂಕೋಚವಾಗಿ ಕೇಳಬಹುದು. ಈ ಪ್ರಶ್ನೆಗಳಿಗೆ ಸಿಡುಕದೆ, ಆಣೆಪ್ರಮಾಣಗಳ ಭರವಸೆಯನ್ನೂ ಕೊಡದೆ, ತಿಳಿದಷ್ಟನ್ನು ನೇರವಾಗಿ ಹೇಳುವವರ ಕೈಯಲ್ಲಿ ಮನಸ್ಸನ್ನು ಒಪ್ಪಿಸುವುದು ಕ್ಷೇಮ.