ಕ್ಯಾರವಾನ್‌ನಲ್ಲಿ ಊರಿಗೆ ಹೊರಟಿದ್ದೀರಾ? ತೂಕ, ಬ್ರೇಕ್, ಗಾಳಿ: ಈ ಮೂರರ ಲೆಕ್ಕ ಮೊದಲು ನೋಡಿ

2024ರ ಡಿಸೆಂಬರ್ 23. ಕೇರಳದ ಕೋಯಿಕ್ಕೋಡ್ ಜಿಲ್ಲೆಯ ವಡಕರ ಬಳಿ ರಸ್ತೆ ಬದಿಯಲ್ಲಿ ಬಹಳ ಹೊತ್ತಿನಿಂದ ನಿಂತೇ ಇದ್ದ ಕ್ಯಾರವಾನ್‌ನೊಳಗೆ ಇಬ್ಬರ ಶವ ಪತ್ತೆಯಾಯಿತು. ವಾಹನ ಎಲ್ಲಿಗೂ ಡಿಕ್ಕಿ ಹೊಡೆದಿರಲಿಲ್ಲ, ಬೆಂಕಿಯೂ ಬಿದ್ದಿರಲಿಲ್ಲ. ಅದರ ಜನರೇಟರ್‌ನಿಂದ ಹೊರಬಂದ ಕಾರ್ಬನ್ ಮಾನಾಕ್ಸೈಡ್ ಅನಿಲ ಒಳಗೆ ತುಂಬಿಕೊಂಡಿದ್ದೇ ಸಾವಿಗೆ ಕಾರಣ ಎಂದು ತನಿಖೆಯಲ್ಲಿ ತಿಳಿದುಬಂತು.

ಕೋವಿಡ್ ನಂತರದ ವರ್ಷಗಳಲ್ಲಿ ನಮ್ಮಲ್ಲಿ ಕ್ಯಾರವಾನ್ ಪ್ರವಾಸದ ಮಾತು ಹೆಚ್ಚಾಗಿದೆ. 2021ರಲ್ಲಿ ಮಹಾರಾಷ್ಟ್ರ ಮತ್ತು ಕೇರಳ ಇದಕ್ಕೆಂದೇ ಪ್ರತ್ಯೇಕ ನೀತಿ ಪ್ರಕಟಿಸಿದವು. ಮುಂಬೈ, ಪುಣೆ, ಹೈದರಾಬಾದ್, ಚೆನ್ನೈನಿಂದ ಹಬ್ಬಕ್ಕೋ ಮದುವೆಗೋ ಊರಿಗೆ ಹೋಗುವ ಕನ್ನಡಿಗ ಕುಟುಂಬಗಳಿಗೂ ಈ ಯೋಚನೆ ಹಿಡಿಸುವಂಥದ್ದೇ. ವಯಸ್ಸಾದವರು ಮಲಗಿಕೊಳ್ಳಬಹುದು, ಮಕ್ಕಳಿಗೆ ಶೌಚಾಲಯದ ಚಿಂತೆ ಇಲ್ಲ, ಬೇಕಾದಲ್ಲಿ ನಿಲ್ಲಿಸಿ ಚಹಾ ಮಾಡಿಕೊಳ್ಳಬಹುದು.

ಆದರೆ ಇದು ಹಾಸಿಗೆ ಇರುವ ದೊಡ್ಡ ಕಾರು ಅಲ್ಲ. ಅಡುಗೆಮನೆಯ ಗ್ಯಾಸ್, ಟ್ಯಾಂಕಿನ ನೀರು, ಮಲಗುವ ಕೋಣೆಯ ಗಾಳಿ ಎಲ್ಲವೂ ನಿಮ್ಮ ಜೊತೆಗೇ ಚಲಿಸುತ್ತವೆ. ಬಾಡಿಗೆ ವಾಹನಕ್ಕೆ ಸಾಮಾನ್ಯವಾಗಿ ಚಾಲಕರು ಜೊತೆಗೇ ಬರುತ್ತಾರೆ ನಿಜ. ಆದರೂ ಸಾಮಾನು ತುಂಬುವವರು ನೀವು, ಒಲೆ ಹಚ್ಚುವವರು ನೀವು, ರಾತ್ರಿ ಒಳಗೆ ಮಲಗುವವರೂ ನೀವೇ. ಹಾಗಾಗಿ ಕೆಲವು ಸಂಗತಿಗಳು ನಿಮಗೂ ಗೊತ್ತಿರಬೇಕು.

ಮೊದಲು ದಾಖಲೆ ನೋಡಿ

ಭಾರತದಲ್ಲಿ ಕ್ಯಾರವಾನ್ ಎಂದರೆ ಬಹುತೇಕ ಎಂಜಿನ್ ಇರುವ, ಟೆಂಪೊ ಟ್ರಾವೆಲರ್ ಅಥವಾ ಬಸ್ ಗಾತ್ರದ ವಾಹನ. ವಿದೇಶಗಳಲ್ಲಿ ಇದನ್ನು ಮೋಟರ್‌ಹೋಮ್ ಎನ್ನುತ್ತಾರೆ. ಕಾರಿನ ಹಿಂದೆ ಕಟ್ಟಿ ಎಳೆಯುವ ಗಾಡಿ ಮನೆಗೆ ಅಲ್ಲಿ ಕ್ಯಾರವಾನ್ ಎಂಬ ಹೆಸರು.

ನಮ್ಮಲ್ಲಿ ಮೋಟರ್ ಕ್ಯಾರವಾನ್‌ಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ಹಳೆಯ ವ್ಯಾನ್ ಖರೀದಿಸಿ ಮನಸ್ಸಿಗೆ ಬಂದಂತೆ ಹಾಸಿಗೆ, ಒಲೆ ಜೋಡಿಸಿದರೆ ಅದು ಕ್ಯಾರವಾನ್ ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ದಾಖಲೆಯಲ್ಲಿರುವ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಅಂಥ ವಾಹನ ಅಪಘಾತಕ್ಕೀಡಾದರೆ ವಿಮೆ ಹಣಕ್ಕೂ ತಕರಾರು ಬರಬಹುದು.

ಬಾಡಿಗೆಗೆ ಪಡೆಯುವುದಾದರೆ ನಂಬರ್ ಪ್ಲೇಟ್ ಗಮನಿಸಿ. ಬಿಳಿ ಪ್ಲೇಟ್‌ನ ಖಾಸಗಿ ವಾಹನವನ್ನು ಬಾಡಿಗೆಗೆ ಓಡಿಸುವಂತಿಲ್ಲ. ಬೇರೆ ರಾಜ್ಯಕ್ಕೆ ಹೋಗುವ ಪರ್ಮಿಟ್, ಫಿಟ್ನೆಸ್ ಪ್ರಮಾಣಪತ್ರ ಮತ್ತು ವಿಮೆಯ ಪ್ರತಿಯನ್ನು ಮುಂಗಡ ಕೊಡುವ ಮೊದಲೇ ಕೇಳಿ.

ಲೈಸೆನ್ಸ್ ಬಗ್ಗೆ ಗೊಂದಲ ಬೇಡ. ಒಟ್ಟು ತೂಕ 7,500 ಕೆ.ಜಿ. ಮೀರದ ಸಾರಿಗೆ ವಾಹನವನ್ನು ಎಲ್‌ಎಂವಿ ಲೈಸೆನ್ಸ್ ಇರುವವರು ಓಡಿಸಬಹುದು ಎಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಬಸ್ ಗಾತ್ರದ ಕ್ಯಾರವಾನ್ ಈ ಮಿತಿ ದಾಟಿದರೆ ಭಾರಿ ವಾಹನದ ಲೈಸೆನ್ಸ್ ಬೇಕು.

ತೂಕ: ತೆಂಗಿನಕಾಯಿ ಮೂಟೆಯನ್ನೂ ಲೆಕ್ಕಕ್ಕೆ ಹಿಡಿಯಿರಿ

ಪ್ರತಿ ವಾಹನಕ್ಕೂ ಗರಿಷ್ಠ ಒಟ್ಟು ತೂಕ ಇಷ್ಟೇ ಎಂಬ ಮಿತಿ ಇರುತ್ತದೆ. ಖಾಲಿ ವಾಹನದ ತೂಕವನ್ನು ಅದರಿಂದ ಕಳೆದರೆ ಉಳಿಯುವುದು ನೀವು ಹೇರಬಹುದಾದ ಭಾರ. ಕ್ಯಾರವಾನ್‌ನಲ್ಲಿ ಹಾಸಿಗೆ, ಕಪಾಟು, ಫ್ರಿಜ್, ಎಸಿ, ಬ್ಯಾಟರಿಗಳೇ ದೊಡ್ಡ ಪಾಲು ತಿಂದಿರುತ್ತವೆ.

ಒಂದು ಉದಾಹರಣೆ ನೋಡೋಣ. ವಾಹನದ ಮಿತಿ 4,000 ಕೆ.ಜಿ., ಖಾಲಿ ತೂಕ 3,400 ಕೆ.ಜಿ. ಎಂದುಕೊಳ್ಳಿ. ಉಳಿಯುವುದು 600 ಕೆ.ಜಿ. ಸರಾಸರಿ 65 ಕೆ.ಜಿ.ಯಂತೆ ಆರು ಜನರಿಗೆ 390 ಕೆ.ಜಿ. ಒಂದು ಲೀಟರ್ ನೀರು ಎಂದರೆ ಒಂದು ಕೆ.ಜಿ., ಹಾಗಾಗಿ 100 ಲೀಟರ್ ಟ್ಯಾಂಕ್ ತುಂಬಿಸಿದರೆ 100 ಕೆ.ಜಿ. ತಲಾ 15 ಕೆ.ಜಿ. ಲಗೇಜ್‌ಗೆ 90 ಕೆ.ಜಿ. ಸಿಲಿಂಡರ್, ಪಾತ್ರೆಗೆ 20 ಕೆ.ಜಿ. ಅಲ್ಲಿಗೆ 600 ಮುಗಿಯಿತು. ಊರಿನಿಂದ ಮರಳುವಾಗ ಅಜ್ಜಿ ಕಟ್ಟಿಕೊಡುವ ಕುಚ್ಚಲಕ್ಕಿ ಚೀಲ, ತೆಂಗಿನಕಾಯಿ ಮೂಟೆಗೆ ಜಾಗವೇನೋ ಇರುತ್ತದೆ, ತೂಕದ ಅವಕಾಶ ಇರುವುದಿಲ್ಲ.

ಪರಿಹಾರ ಸುಲಭ. ದಾರಿಯುದ್ದಕ್ಕೂ ನೀರು ಸಿಗುವುದರಿಂದ ಟ್ಯಾಂಕನ್ನು ಅಗತ್ಯಕ್ಕೆ ತಕ್ಕಷ್ಟು ಮಾತ್ರ ತುಂಬಿಸಿ. ಎಲ್ಲರೂ ಹತ್ತಿ, ಸಾಮಾನು ತುಂಬಿದ ಮೇಲೆ ಲಾರಿಗಳನ್ನು ತೂಗುವ ವೇಬ್ರಿಡ್ಜ್‌ನಲ್ಲಿ ಒಮ್ಮೆ ತೂಗಿಸಿ. ಭಾರದ ವಸ್ತುಗಳನ್ನು ಕೆಳಗೆ, ಎರಡು ಆಕ್ಸಲ್‌ಗಳ ನಡುವೆ ಇಡಿ. ಚಾವಣಿಯ ಮೇಲೆ ಮತ್ತು ಹಿಂಬದಿಯ ತುದಿಯಲ್ಲಿ ಹೇರಿದ ಭಾರ ತಿರುವಿನಲ್ಲಿ ವಾಹನವನ್ನು ಓಲಾಡಿಸುತ್ತದೆ.

ವಾಹನ ಚಲಿಸುವಾಗ ಯಾರೂ ಹಾಸಿಗೆ ಮೇಲೆ ಮಲಗಬಾರದು ಎಂಬುದು ನೆನಪಿರಲಿ. ದಿಢೀರ್ ಬ್ರೇಕ್ ಹಾಕಿದರೆ ಮಲಗಿದವರು ಮುಂದಕ್ಕೆ ಎಸೆಯಲ್ಪಡುತ್ತಾರೆ. ಸೀಟ್ ಬೆಲ್ಟ್ ಎಷ್ಟಿದೆಯೋ ಅಷ್ಟೇ ಜನ ಪ್ರಯಾಣಿಸಬೇಕು.

ಬ್ರೇಕ್, ಟೈರ್: ಘಾಟ್ ಇಳಿಯುವ ಮುನ್ನ

ಕರಾವಳಿಗೆ ಹೋಗುವ ದಾರಿಗಳಲ್ಲಿ ಘಾಟ್ ತಪ್ಪುವುದಿಲ್ಲ. ಹುಬ್ಬಳ್ಳಿ ಕಡೆಯಿಂದ ಅಂಕೋಲಾಕ್ಕೆ ಅರಬೈಲು ಘಾಟ್, ಸಕಲೇಶಪುರದಿಂದ ಮಂಗಳೂರು ಕಡೆಗೆ ಶಿರಾಡಿ ಘಾಟ್ ಇಳಿಯಬೇಕು. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇದ್ದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವಾಂಶ ಹೀರಿಕೊಳ್ಳುವ ಗುಣದ್ದು. ಹಳೆಯದಾದಂತೆ ಬೇಗ ಕುದಿಯುತ್ತದೆ, ಆಗ ಪೆಡಲ್ ಒತ್ತಿದರೂ ಒತ್ತಡ ಚಕ್ರಕ್ಕೆ ತಲುಪುವುದಿಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು.

ಹಳೆಯ ಚಾಲಕರ ಒಂದು ನಿಯಮ ಈಗಲೂ ಸರಿ: ಏರುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರ್. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರ್‌ಗೆ ಬನ್ನಿ, ವೇಗವನ್ನು ಎಂಜಿನ್ನೇ ಹಿಡಿದಿಡಲಿ. ನ್ಯೂಟ್ರಲ್‌ನಲ್ಲಿ ಇಳಿಯುವುದು ಡೀಸೆಲ್ ಉಳಿಸುವ ಉಪಾಯವಲ್ಲ, ಪ್ರಾಣಕ್ಕೆ ಕುತ್ತು. ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ತಣ್ಣಗಾಗಲು ಬಿಡಿ. ಕಾದ ಚಕ್ರದ ಮೇಲೆ ನೀರು ಸುರಿಯಬೇಡಿ.

ಆಗುಂಬೆ ಘಾಟ್‌ನಲ್ಲಿ ಭಾರಿ ವಾಹನಗಳಿಗೆ ಅವಕಾಶವಿಲ್ಲ. ಮಳೆಗಾಲದಲ್ಲಿ ಇತರ ಘಾಟ್‌ಗಳಲ್ಲೂ ನಿರ್ಬಂಧ ಬದಲಾಗುತ್ತಿರುತ್ತದೆ, ಹೊರಡುವ ದಿನ ಆಯಾ ಜಿಲ್ಲಾಡಳಿತದ ಆದೇಶ ನೋಡಿಕೊಳ್ಳಿ. ಮೈಸೂರಿನಿಂದ ವಯನಾಡ್ ಕಡೆಗೆ ಹೋಗುವವರು ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ ಇದೆ ಎಂಬುದನ್ನು ಮರೆಯಬಾರದು.

ಟೈರ್ ವಿಷಯದಲ್ಲಿ ಕ್ಯಾರವಾನ್ ಸಮಸ್ಯೆಯೇ ಬೇರೆ. ಓಡುವುದಕ್ಕಿಂತ ನಿಂತಿರುವುದೇ ಹೆಚ್ಚಾದ್ದರಿಂದ ಟೈರ್ ಸವೆಯುವ ಮೊದಲೇ ಮುದಿಯಾಗುತ್ತದೆ. ಮೇಲ್ನೋಟಕ್ಕೆ ಹೊಸದರಂತೆ ಕಂಡರೂ ರಬ್ಬರ್ ಗಡುಸಾಗಿ ಬಿರುಕು ಬಿಟ್ಟಿರುತ್ತದೆ. ಟೈರ್ ಬದಿಯಲ್ಲಿರುವ ನಾಲ್ಕಂಕಿಯ ಸಂಖ್ಯೆ ನೋಡಿ. 3521 ಎಂದಿದ್ದರೆ ಅದು 2021ರ 35ನೇ ವಾರ ತಯಾರಾದ ಟೈರ್. ಆರೇಳು ವರ್ಷ ದಾಟಿದ್ದರೆ ದೂರದ ಪ್ರಯಾಣಕ್ಕೆ ಅದನ್ನು ನಂಬಬೇಡಿ. ಗಾಳಿ ಒತ್ತಡವನ್ನು ಬೆಳಿಗ್ಗೆ, ಟೈರ್ ತಣ್ಣಗಿರುವಾಗ ಪರೀಕ್ಷಿಸಿ.

ಎತ್ತರವೂ ಮುಖ್ಯ. ಎಸಿ, ಸೋಲಾರ್ ಪ್ಯಾನಲ್ ಸೇರಿಸಿ ವಾಹನದ ಒಟ್ಟು ಎತ್ತರವನ್ನು ಚೀಟಿಯಲ್ಲಿ ಬರೆದು ಚಾಲಕರ ಕಣ್ಣಿಗೆ ಕಾಣುವಂತೆ ಅಂಟಿಸಿ. ರೈಲ್ವೆ ಕೆಳಸೇತುವೆ, ಹೋಟೆಲ್ ಮುಂದಿನ ಚಪ್ಪರ, ಊರೊಳಗಿನ ತೂಗುವ ವಿದ್ಯುತ್ ತಂತಿ ಎದುರಾದಾಗ ಅಂದಾಜು ಸಾಲದು. ಮ್ಯಾಪ್ ತೋರಿಸುವ ಹತ್ತಿರದ ದಾರಿ ಕಾರಿಗೆ ಸರಿ, ಕ್ಯಾರವಾನ್‌ಗೆ ಅಲ್ಲ.

ಟ್ರೇಲರ್ ಎಳೆಯುವುದಾದರೆ

ಕಾರು, ಜೀಪಿನ ಹಿಂದೆ ಸಣ್ಣ ಟ್ರೇಲರ್ ಕಟ್ಟಿಕೊಂಡು ಹೋಗುವವರು ನಮ್ಮಲ್ಲಿ ಇನ್ನೂ ಕಡಿಮೆ. ಟ್ರೇಲರ್‌ಗೂ ಪ್ರತ್ಯೇಕ ನೋಂದಣಿ ಬೇಕು. ನಿಮ್ಮ ವಾಹನ ಎಷ್ಟು ಭಾರ ಎಳೆಯಬಲ್ಲದು ಎಂಬುದನ್ನು ಕಂಪನಿಯ ಕೈಪಿಡಿಯಲ್ಲಿ ನೋಡಿ. ಅದರಲ್ಲಿ ಹೇಳಿಲ್ಲದಿದ್ದರೆ ಎಳೆಯುವ ಸಾಹಸ ಬೇಡ.

ಟ್ರೇಲರ್‌ನಲ್ಲಿ ಭಾರ ಹಿಂದಕ್ಕೆ ಹೆಚ್ಚಾದರೆ ಅದು ಹಾವಿನಂತೆ ಅತ್ತಿತ್ತ ಹೊರಳಲಾರಂಭಿಸುತ್ತದೆ. ಭಾರ ತೀರಾ ಮುಂದಿದ್ದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ತಗ್ಗುತ್ತದೆ. ಆದ್ದರಿಂದ ಭಾರದ ಸಾಮಾನನ್ನು ಟ್ರೇಲರ್‌ನ ಆಕ್ಸಲ್ ಮೇಲೆ, ತುಸು ಮುಂದಕ್ಕೆ ಇಡಬೇಕು. ಹೊರಳಾಟ ಶುರುವಾದರೆ ಗಾಬರಿಯಿಂದ ಬ್ರೇಕ್ ಒತ್ತಬೇಡಿ, ಸ್ಟೇರಿಂಗ್ ಎಳೆದಾಡಬೇಡಿ. ನೇರವಾಗಿ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ.

ರಿವರ್ಸ್ ತೆಗೆಯುವಾಗ ಸ್ಟೇರಿಂಗ್‌ನ ಕೆಳಭಾಗವನ್ನು ಹಿಡಿದುಕೊಳ್ಳಿ. ಟ್ರೇಲರ್ ಹಿಂಭಾಗ ಬಲಕ್ಕೆ ಹೋಗಬೇಕಿದ್ದರೆ ಕೈ ಬಲಕ್ಕೆ, ಎಡಕ್ಕಾದರೆ ಎಡಕ್ಕೆ. ಖಾಲಿ ಮೈದಾನದಲ್ಲಿ ಅರ್ಧ ದಿನ ಅಭ್ಯಾಸ ಮಾಡಿಯೇ ರಸ್ತೆಗಿಳಿಯಿರಿ.

ಕ್ಯಾರವಾನ್ ಕೆಟ್ಟು ನಿಂತರೆ ದಾರಿಹೋಕ ಲಾರಿಗೆ ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ನಿಂತಾಗ ಬ್ರೇಕ್ ಮತ್ತು ಸ್ಟೇರಿಂಗ್ ಕಲ್ಲಿನಂತೆ ಗಟ್ಟಿಯಾಗುತ್ತವೆ. ಭಾರ ಎಳೆಯಬಲ್ಲ ಕ್ರೇನ್ ಅಥವಾ ವಾಹನವನ್ನೇ ಹೊತ್ತೊಯ್ಯುವ ಲಾರಿ ಕರೆಸಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯವಾಣಿ 1033, ತುರ್ತು ಸಂದರ್ಭಕ್ಕೆ 112. ಎಚ್ಚರಿಕೆಯ ತ್ರಿಕೋನ ಫಲಕವನ್ನು ಸಾಕಷ್ಟು ಹಿಂದೆ ಇಟ್ಟು, ಎಲ್ಲರೂ ಕೆಳಗಿಳಿದು ರಸ್ತೆಯಿಂದ ದೂರ ನಿಲ್ಲಿ.

ಗಾಳಿ: ಎಸಿ ಮತ್ತು ಜನರೇಟರ್ ಲೆಕ್ಕ

ರಾತ್ರಿ ಜನರೇಟರ್ ಯಾಕೆ ಬೇಕಾಗುತ್ತದೆ? 12 ವೋಲ್ಟ್‌ನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಸುಮಾರು 1,200 ವಾಟ್-ಅವರ್ ವಿದ್ಯುತ್ ಇರುತ್ತದೆ. ಸಾಮಾನ್ಯ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಕುಗ್ಗುತ್ತದೆ. ಹಾಗಾಗಿ ಬಳಕೆಗೆ ಸಿಗುವುದು 600 ಮಾತ್ರ. 25 ವಾಟ್ ಫ್ಯಾನ್ ಎಂಟು ಗಂಟೆ ತಿರುಗಿದರೆ 200 ಬೇಕು, ದೀಪ ಮತ್ತು ಮೊಬೈಲ್‌ಗೆ ಇನ್ನೊಂದು 100. ಇಷ್ಟಕ್ಕೆ ತೊಂದರೆಯಿಲ್ಲ. 1,000 ವಾಟ್ ಎಸಿ ಹಾಕಿದರೆ ಮಾತ್ರ ಅರ್ಧ ಗಂಟೆಯಲ್ಲೇ ಬ್ಯಾಟರಿ ಕೈಕೊಡುತ್ತದೆ.

ಆಗಲೇ ಜನರೇಟರ್ ಅಥವಾ ಎಂಜಿನ್ ಚಾಲೂ ಮಾಡಿ, ಕಿಟಕಿ ಮುಚ್ಚಿ ಮಲಗುವ ಯೋಚನೆ ಬರುವುದು. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತದೆ, ಪ್ರಯಾಣದ ಆಯಾಸ ಎಂದುಕೊಳ್ಳುತ್ತೇವೆ. ನಿದ್ದೆಯಲ್ಲಿದ್ದವರಿಗೆ ಅದೂ ತಿಳಿಯುವುದಿಲ್ಲ. ನೆಲದಲ್ಲಿ ವೈರ್ ಹಾಯಿಸಲು ಕೊರೆದ ಸಣ್ಣ ರಂಧ್ರದಿಂದಲೂ ಹೊಗೆ ಒಳನುಗ್ಗಬಲ್ಲದು.

ಆದ್ದರಿಂದ ಯಾರಾದರೂ ಒಳಗೆ ಮಲಗಿದ್ದಾಗ ಜನರೇಟರ್, ಎಂಜಿನ್ ಎರಡೂ ಬಂದ್ ಆಗಿರಬೇಕು. ಇದು ಚಾಲಕರು ಒಬ್ಬರೇ ಮಲಗಿದಾಗಲೂ ಅನ್ವಯಿಸುತ್ತದೆ. ಎಸಿ ಬೇಕೇ ಬೇಕೆಂದರೆ ಹೊರಗಿನಿಂದ ವಿದ್ಯುತ್ ಸಂಪರ್ಕ ಕೊಡುವ ರೆಸಾರ್ಟ್ ಅಥವಾ ಹೋಮ್‌ಸ್ಟೇ ಅಂಗಳದಲ್ಲಿ ತಂಗಿ. ಪ್ಲಗ್‌ಗೆ ಅರ್ಥಿಂಗ್ ಇದೆಯೇ ಎಂದು ನೋಡಿಕೊಳ್ಳಿ. ಮಲಗುವ ಜಾಗದ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲಿ. ಆನ್‌ಲೈನ್‌ನಲ್ಲಿ ಸಿಗುವ ಈ ಪುಟ್ಟ ಸಾಧನವನ್ನು ಬಾಡಿಗೆ ವಾಹನಕ್ಕೂ ನೀವೇ ಒಯ್ಯಬಹುದು.

ಅಡುಗೆ ಅನಿಲದ ಗುಣ ಬೇರೆ. ಅದು ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ನಿಲ್ಲುತ್ತದೆ. ಅದರ ಅಲಾರಂ ನೆಲದ ಹತ್ತಿರ ಇರಬೇಕು, ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಹೊರಕ್ಕೆ ಗಾಳಿಕಿಂಡಿ ಇರಬೇಕು. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಬಿಗಿಯಾಗಿ ಕಟ್ಟಿ. ವಾಹನ ಹೊರಡುವ ಮುನ್ನ ರೆಗ್ಯುಲೇಟರ್ ಬಂದ್ ಮಾಡಿ. ಪೈಪಿನ ಜೋಡಣೆಗೆ ಸೋಪಿನ ನೊರೆ ಹಚ್ಚಿದರೆ ಸೋರಿಕೆ ಗುಳ್ಳೆಯಾಗಿ ಕಾಣುತ್ತದೆ. ಬೆಂಕಿಕಡ್ಡಿ ಗೀರಿ ನೋಡಬೇಡಿ. ಒಲೆ ಉರಿಯುವಾಗ ಕಿಟಕಿ ತೆರೆದಿರಲಿ, ಚಳಿಗೆ ಒಲೆ ಹಚ್ಚಿಟ್ಟು ಮಲಗುವುದಂತೂ ಬೇಡವೇ ಬೇಡ.

ಮನೆಗೆ ಮರಳಿದ ಮೇಲೆ

ಸ್ವಂತ ಕ್ಯಾರವಾನ್ ಇದ್ದರೆ ನೀರಿನ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಶೌಚದ ಟ್ಯಾಂಕನ್ನು ಶೌಚಾಲಯ ಅಥವಾ ಒಳಚರಂಡಿ ವ್ಯವಸ್ಥೆ ಇರುವಲ್ಲೇ ಖಾಲಿ ಮಾಡಬೇಕು, ದಾರಿ ಬದಿಯಲ್ಲಿ, ಹೊಳೆಯಲ್ಲಿ ಅಲ್ಲ. ಫ್ರಿಜ್ ಬಾಗಿಲು ತೆರೆದಿಡಿ. ಮಳೆಗಾಲಕ್ಕೆ ಮುಂಚೆ ಚಾವಣಿಯ ಕಿಂಡಿ, ಕಿಟಕಿಗಳ ಸುತ್ತಲಿನ ಸೀಲಂಟ್ ಪರೀಕ್ಷಿಸಿ. ಒಳಗೆ ಒಮ್ಮೆ ನೀರಿಳಿದರೆ ಪ್ಲೈವುಡ್ ಕೊಳೆಯುವುದು ಹೊರಗೆ ಕಾಣುವುದಿಲ್ಲ. ತಿಂಗಳಿಗೊಮ್ಮೆಯಾದರೂ ಹತ್ತಿಪ್ಪತ್ತು ಕಿ.ಮೀ. ಓಡಿಸಿ. ಇಲಿ ವೈರ್ ಕಡಿದಿದೆಯೇ ನೋಡಿ.

ಹೊರಡುವ ಮುನ್ನ 10 ನಿಮಿಷ

* ಟೈರ್ ಗಾಳಿ, ತಯಾರಿಕೆಯ ವರ್ಷ, ಸ್ಟೆಪ್ನಿ
* ಬ್ರೇಕ್, ಎಲ್ಲ ಲೈಟ್‌ಗಳು, ವೈಪರ್
* ಗ್ಯಾಸ್ ಬಂದ್, ಕಪಾಟು ಮತ್ತು ಫ್ರಿಜ್‌ಗೆ ಚಿಲಕ
* ಹೊರಗಿನ ವಿದ್ಯುತ್ ಕೇಬಲ್ ತೆಗೆದಿದ್ದೀರಾ? ಮೆಟ್ಟಿಲು ಮಡಚಿದ್ದೀರಾ?
* ಎರಡೂ ಅಲಾರಂಗಳ ಟೆಸ್ಟ್ ಬಟನ್ ಒತ್ತಿ ನೋಡಿ
* ಬೆಂಕಿ ನಂದಿಸುವ ಸಾಧನ ಎಲ್ಲಿದೆ ಎಂದು ಎಲ್ಲರಿಗೂ ತೋರಿಸಿ

ಬಾಡಿಗೆ ವಾಹನವಾದರೆ ಈ ಪಟ್ಟಿಯನ್ನು ಚಾಲಕರ ಜೊತೆ ನಿಂತೇ ನೋಡಿ. ಅಲಾರಂ ಇಲ್ಲ, ರಾತ್ರಿಯಿಡೀ ಜನರೇಟರ್ ಓಡಿಸುತ್ತೇವೆ ಎಂದು ಅವರು ಹೇಳಿದರೆ ಬೇರೆ ವಾಹನ ಹುಡುಕಿ. ಮುಂಗಡ ಹೋದರೂ ಪರವಾಗಿಲ್ಲ.